ಇಪ್ಪತ್ತು ದಿನದ ಬೇರಿಂಗು

ನನ್ನ ಚಿಕ್ಕಮ್ಮ ಬೇರಿಂಗ್ ಅಂಗಡಿಗೆ ಸೇರಿದ್ದು ಕಾಗದ ಬರೆಯುವುದಕ್ಕೆ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಅಂಗಡಿಯ ಯಜಮಾನರು ಇವತ್ತು ಬರೆದದ್ದು ನಾಳೆ ಅವರಿಗೇ ಓದಲು ಬರುತ್ತಿರಲಿಲ್ಲ. ಒಮ್ಮೆ ನಲವತ್ತು ಬೇರಿಂಗ್ ಕಳಿಸಿ ಎಂದು ಬರೆದ ಪತ್ರಕ್ಕೆ ನಾನೂರು ಬಂದಿಳಿದ ಮೇಲೆ, ಅಕ್ಷರ ದುಂಡಗಿರುವ ಯಾರಾದರೂ ಬೇಕು ಎಂದು ಬೀದಿಯಲ್ಲೆಲ್ಲ ಹೇಳಿಟ್ಟಿದ್ದರು. ಚಿಕ್ಕಮ್ಮ ಹೋದಳು. ಮೂರು ತಿಂಗಳು ಪತ್ರ ಬರೆದಳು. ನಾಲ್ಕನೆಯ ತಿಂಗಳಲ್ಲಿ ಒಂದು ದಿನ, ಯಜಮಾನರು ಊಟಕ್ಕೆ ಹೋಗಿದ್ದಾಗ ಬಂದ ಗಿರಾಕಿಗೆ ಸರಿಯಾದ ಬೇರಿಂಗನ್ನೇ ತೆಗೆದುಕೊಟ್ಟಳು.

"ನಿನಗೆ ಹೇಗೆ ಗೊತ್ತಾಯ್ತು?" ಎಂದರು ಯಜಮಾನರು.

"ಮೂರು ತಿಂಗಳಿಂದ ನೀವು ಹೇಳೋದನ್ನ ಕೇಳ್ತಾನೇ ಇದೀನಲ್ಲ."

ಅಂದಿನಿಂದ ಕೌಂಟರ್ ಅವಳದಾಯಿತು.

ಅಂಗಡಿ ಒಂಬತ್ತು ಅಡಿ ಅಗಲ, ಮೂವತ್ತಾರು ಅಡಿ ಉದ್ದ. ಎರಡೂ ಗೋಡೆಗೆ ಸೂರು ಮುಟ್ಟುವ ಕಬ್ಬಿಣದ ರ್‍ಯಾಕು, ರ್‍ಯಾಕಿನ ತುಂಬ ಚೌಕ ಪೆಟ್ಟಿಗೆಗಳು, ಪೆಟ್ಟಿಗೆಯೊಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಬೇರಿಂಗುಗಳು. ಬೇರಿಂಗಿನ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಸೊನ್ನೆ ಐದು ಎಂದಿದ್ದರೆ ಇಪ್ಪತ್ತೈದು, ಹತ್ತು ಎಂದಿದ್ದರೆ ಐವತ್ತು. ತೀರ ಚಿಕ್ಕವಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅವನ್ನು ಬಾಯಿಪಾಠ ಮಾಡಬೇಕು. ನಾನು ಐದರ ಮಗ್ಗಿ ಕಲಿತದ್ದು ಶಾಲೆಯಲ್ಲಲ್ಲ, ಈ ಪೆಟ್ಟಿಗೆಗಳ ಮುಂದೆ.

"ಎಲ್ಲಾ ಉರುಳೋ ಸಾಮಾನೇ," ಎನ್ನುತ್ತಿದ್ದಳು ಚಿಕ್ಕಮ್ಮ. "ಒಳಗೆ ಏನು ಉರುಳುತ್ತೆ, ಯಾವ ಕಡೆಯ ಭಾರ ಹೊರುತ್ತೆ, ಇಷ್ಟು ಗೊತ್ತಿದ್ರೆ ಸಾಕು." ಫ್ಯಾನು, ಮೋಟಾರು, ಪಂಪು ಎಂದು ಬಂದವರಿಗೆ ಗುಂಡಿನ ಬೇರಿಂಗ್, ಹಗುರಾಗಿ, ವೇಗವಾಗಿ ತಿರುಗುತ್ತದೆ. ದೊಡ್ಡ ಮೋಟಾರಿನವರಿಗೆ ಉರುಳೆಯದು. ಗುಂಡು ಒಂದು ಚುಕ್ಕೆಯ ಮೇಲೆ ಹೊರುವ ಭಾರವನ್ನು ಉರುಳೆ ಒಂದು ಗೆರೆಯ ಉದ್ದಕ್ಕೆ ಹಂಚಿಕೊಳ್ಳುತ್ತದೆ. ಲಾರಿಯ ಚಕ್ರಕ್ಕೆ ಒಂದು ತುದಿ ಸಣ್ಣಗಾದ ಟೇಪರ್ ಉರುಳೆಗಳದು. ತಿರುವಿನಲ್ಲಿ ಪಕ್ಕಕ್ಕೆ ಬೀಳುವ ನೂಕನ್ನೂ ಅದು ತಡೆಯುತ್ತದೆ, ಆದರೆ ಒಂದು ಬೇರಿಂಗ್ ಒಂದೇ ಕಡೆಯ ನೂಕನ್ನು ತಡೆಯುವುದರಿಂದ ಎದುರುಬದುರಾಗಿ ಎರಡು ಬೇಕು. ಗೇರ್ ಪೆಟ್ಟಿಗೆಯ ಇಕ್ಕಟ್ಟಿಗೆ ಸೂಜಿಯಷ್ಟು ಸಪೂರ ಉರುಳೆಗಳ ನೀಡಲ್ ಬೇರಿಂಗ್. ಭಾರವೆಲ್ಲ ಮೇಲಿನಿಂದಲೇ ಕೂರುವ ಕಡೆಗೆ ಥ್ರಸ್ಟ್ ಬೇರಿಂಗ್. ನಮ್ಮ ದೊಡ್ಡ ಮಾವನಿಗೆ ಅವಳು ಇಟ್ಟ ಹೆಸರೂ ಅದೇ. "ಆಫೀಸಲ್ಲಿ ಮೇಲಿನೋರು ಎಷ್ಟು ಒತ್ತಿದ್ರೂ ತಡ್ಕೋತಾನೆ, ಮನೇಲಿ ಪಕ್ಕದಿಂದ ಒಂದು ಮಾತು ಅಂದ್ರೆ ಕಳಚಿ ಬೀಳ್ತಾನೆ."

ಯಾರೇ ಬಂದು ನಂಬರ್ ಹೇಳಲಿ, ಚಿಕ್ಕಮ್ಮ ತಕ್ಷಣ ಪೆಟ್ಟಿಗೆ ತೆಗೆಯುತ್ತಿರಲಿಲ್ಲ. ಮೊದಲು ಮೂರು ಪ್ರಶ್ನೆ. ಯಾವ ಯಂತ್ರ? ಭಾರ ಯಾವ ಕಡೆಯಿಂದ? ಹಳೆಯದು ಎಲ್ಲಿ? ಹಳೆಯದು ತಂದಿಲ್ಲ ಎಂದರೆ ಹೋಗಿ ತನ್ನಿ ಎನ್ನುವಳು. ಎದುರಿನ ಅಂಗಡಿಯಲ್ಲಿ ಮಿಷನ್ ಬೆಲ್ಟ್ ಮಾರುತ್ತಿದ್ದವನು ಕೂತಲ್ಲಿಂದಲೇ ಕೂಗುತ್ತಿದ್ದ: "ಅಕ್ಕಾ, ಪೊಲೀಸರೂ ಇಷ್ಟು ವಿಚಾರಿಸಲ್ಲ! ಕೊಟ್ಟು ಕಳ್ಸಿ ಪಾಪ!" ಅವಳು ತಲೆ ಎತ್ತದೆ, "ನಿನ್ನ ಬೆಲ್ಟು ತುಂಡಾದ್ರೆ ಬೆಲ್ಟು ಹೋಗುತ್ತೆ, ನನ್ನ ಬೇರಿಂಗ್ ಕಚ್ಚಿಕೊಂಡ್ರೆ ಶಾಫ್ಟೇ ಹೋಗುತ್ತೆ," ಎಂದು ಹೇಳಿ ವರ್ನಿಯರ್ ಮಾಪಕ ಕೈಗೆ ತೆಗೆದುಕೊಳ್ಳುವಳು. ಹದಿನೇಳು ವರ್ಷ ಹೀಗೆ ನಡೆಯಿತು. ಅವಳು ಕೊಟ್ಟದ್ದು ತಪ್ಪಾಯಿತೆಂದು ಒಬ್ಬನೂ ವಾಪಸು ಬರಲಿಲ್ಲ. ಇಡೀ ಬೀದಿಗೆ ಅವಳು ಬೇರಿಂಗ್ ಅಕ್ಕ.

ಅವಳಿಗೆ ಮೂವತ್ತಾರು ನಡೆಯುತ್ತಿದ್ದಾಗ ಸೋಪಿನವರು ಬಂದರು.

ಊರಾಚೆ ಒಂದು ಚಿಕ್ಕ ಸೋಪಿನ ಕಾರ್ಖಾನೆ ಇಟ್ಟುಕೊಂಡಿದ್ದರು. ನಲವತ್ತರ ಆಸುಪಾಸು, ಒಂಟಿ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಕೌಂಟರಿನ ಮೇಲೆ ಒಂದು ಚೀಟಿ ಇಟ್ಟರು. ನಾಲ್ಕು ಮೂಲೆಯೂ ಸರಿಯಾಗಿ ಕತ್ತರಿಸಿದ ಚೀಟಿ. ಅದರಲ್ಲಿ ಒಂದರ ಕೆಳಗೊಂದು, ದಶಾಂಶದ ಚುಕ್ಕೆಗಳು ಒಂದೇ ಸಾಲಿಗೆ ಬರುವಂತೆ: ಒಳಗೆ 50.00, ಹೊರಗೆ 110.00, ದಪ್ಪ 27.00. ಹದಿನೇಳು ವರ್ಷದಲ್ಲಿ ಗಿರಾಕಿಗಳು ಚಿಕ್ಕಮ್ಮನಿಗೆ ಅಳತೆ ಹೇಳಿದ್ದು ಬೆರಳಲ್ಲಿ, ದಾರದಲ್ಲಿ, ಒಮ್ಮೆ ಬಿಸ್ಕತ್ತಿನಲ್ಲಿ. ಎರಡು ದಶಾಂಶದವರೆಗೆ ಅಳೆದು, ಅಷ್ಟು ಚೆಂದದ ಅಕ್ಷರದಲ್ಲಿ ಬರೆದು ತಂದವರು ಇವರೇ ಮೊದಲು.

"ನೀವೇ ಅಳೆದ್ರಾ?"

"ಹೌದು. ಮೂರು ಸಲ. ಹಳೇದು ಗ್ರೀಸಲ್ಲಿ ಮುಳುಗಿತ್ತು, ನಿಮ್ಮ ಕೌಂಟರ್ ಗಲೀಜಾಗುತ್ತೆ ಅಂತ ತರಲಿಲ್ಲ."

ಚಿಕ್ಕಮ್ಮ ಚೀಟಿಯನ್ನು ಇನ್ನೊಮ್ಮೆ ನೋಡಿದಳು. "ಅರವತ್ಮೂರು ಹತ್ತು," ಎಂದಳು. ಮಾಮೂಲಿ ಗುಂಡಿನ ಬೇರಿಂಗ್. ತೆಗೆದುಕೊಟ್ಟಳು. ಅವರು ಹೋದರು. ಮೂರು ಪ್ರಶ್ನೆಯಲ್ಲಿ ಒಂದನ್ನೂ ಕೇಳಿರಲಿಲ್ಲ. ಕೇಳಿಲ್ಲವೆಂಬುದು ಅವಳಿಗೆ ಹೊಳೆಯಲೂ ಇಲ್ಲ.

ಇಪ್ಪತ್ತೊಂದನೆಯ ದಿನ ಅವರು ಮತ್ತೆ ಬಂದರು. ಬೇರಿಂಗ್ ಮುರಿದಿತ್ತು. ಗ್ರೀಸಿನ ಸುಳಿವಿಲ್ಲದಂತೆ ತೊಳೆದು, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಚಿಕ್ಕಮ್ಮ ನಂಬರ್ ನೋಡಿದಳು, ಅದೇ ನಂಬರಿನ ಹೊಸದು ಕೊಟ್ಟಳು. ಮತ್ತೆ ಇಪ್ಪತ್ತು ದಿನಕ್ಕೆ ಮೂರನೆಯ ಸಲ. ಆ ಸಲ ಒಂದು ಸೋಪನ್ನೂ ತಂದಿದ್ದರು. ಬೂದು ಬಣ್ಣ, ಒಳಗೆ ನುಣ್ಣಗೆ ಪುಡಿಮಾಡಿದ ಬಳಪದ ಕಲ್ಲು.

"ಕೈಯಿಂದ ಗ್ರೀಸ್ ತೆಗೆಯೋಕೆ ಇವ್ರೇ. ಆರು ಸಲ ಮಾಡಿ ನೋಡ್ದೆ, ಸರಿ ಬರಲಿಲ್ಲ. ಇದು ಏಳನೇದು. ಚರ್ಮ ಉರಿಯಲ್ಲ, ನನ್ನ ಕೈ ಮೇಲೇ ಪರೀಕ್ಷೆ ಮಾಡಿದೀನಿ."

ಅವರು ಆಚೆ ಹೋದದ್ದೇ ತಡ, ಬೆಲ್ಟಿನವನು ರಸ್ತೆ ದಾಟಿ ಬಂದ. "ಅಕ್ಕಾ, ಒಂದು ಗಮನಿಸಿದ್ರಾ? ಇಡೀ ಬೀದಿ ನಿಮ್ಮನ್ನ ಅಕ್ಕ ಅನ್ನುತ್ತೆ. ಎಪ್ಪತ್ತು ವರ್ಷದ ಗ್ಯಾರೇಜ್ ತಾತನೂ ಅಕ್ಕ ಅಂತಾನೆ. ಈ ಸಾಹೇಬ್ರಿಗೆ ಮಾತ್ರ ನೀವು 'ಇವ್ರೇ'!"

"ಹೋಗೋ ನಿನ್ನ ಕೆಲಸ ನೋಡ್ಕೋ."

"ಬೇರಿಂಗೂ ಸೋಪಿನ ಹಾಗೇ ಸವೀತಾ ಇದೆಯಲ್ಲಕ್ಕಾ, ಅದಕ್ಕೇ ಕೇಳ್ದೆ."

ಬೆಲ್ಟಿನವನನ್ನು ಓಡಿಸಿದಳು. ಆದರೆ ಅರವತ್ಮೂರು ಹತ್ತರ ಒಂದು ಪೆಟ್ಟಿಗೆಯನ್ನು ಮೇಲಿನ ರ್‍ಯಾಕಿನಿಂದ ಇಳಿಸಿ ಕೌಂಟರಿನ ಕೆಳಗೆ ಇಟ್ಟುಕೊಂಡಳು. ದಿನ ಎಣಿಸತೊಡಗಿದಳು. ಹದಿನೆಂಟನೆಯ ದಿನ ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಾಗ, ನನ್ನ ಅಮ್ಮ, ಅಂದರೆ ಅವಳ ಅಕ್ಕ, ಸೌಟು ಕೆಳಗಿಟ್ಟು ನೇರವಾಗಿ ಕೇಳಿದಳು: "ಏನೇ ಪುಟ್ಟಿ, ಆ ಸೋಪಿನವರು ಬರ್ಲಿ ಅಂತ ನಿನಗೆ ಆಸೆನಾ?"

"ಹೂಂ," ಎಂದಳು ಚಿಕ್ಕಮ್ಮ. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಇಪ್ಪತ್ತನೆಯ ದಿನ ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗಲೇ ಅವರು ಬಂದುಹೋದರು. ಯಜಮಾನರು ಕೌಂಟರಿನ ಕೆಳಗಿದ್ದ ಪೆಟ್ಟಿಗೆಯಿಂದ ಹೊಸದು ಕೊಟ್ಟು ಕಳಿಸಿದ್ದರು. ಉಳಿದದ್ದು ಬಿಳಿ ಬಟ್ಟೆಯ ಗಂಟು ಮಾತ್ರ. ಅವರು ಎದುರಿಗಿದ್ದಾಗ ಚಿಕ್ಕಮ್ಮ ಬೇರಿಂಗಿನ ನಂಬರ್ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಈಗ ನೋಡಲು ಬೇರಿಂಗ್ ಬಿಟ್ಟು ಬೇರೇನೂ ಇರಲಿಲ್ಲ.

ಗುಂಡುಗಳನ್ನು ಸಮದೂರದಲ್ಲಿ ಹಿಡಿದಿಡುವ ತಗಡಿನ ಪಂಜರ ಎರಡು ಕಡೆ ತುಂಡಾಗಿತ್ತು. ಅವಳು ಗುಂಡುಗಳನ್ನು ಬೇರೆಮಾಡಿ ಹೊರಗಿನ ಬಳೆಯನ್ನು ಬೆಳಕಿಗೆ ಹಿಡಿದಳು. ಬಳೆಯ ಒಳಮೈಯಲ್ಲಿ ಒಂದು ಕಾಲುವೆ, ಅದರಲ್ಲಿ ಗುಂಡುಗಳು ಓಡಿದ ಜಾಡು ಇರುತ್ತದೆ. ಆರೋಗ್ಯವಾಗಿದ್ದರೆ ಆ ಜಾಡು ಕಾಲುವೆಯ ನಟ್ಟನಡುವೆ, ಸುತ್ತಲೂ ಒಂದೇ ಮಟ್ಟದಲ್ಲಿರಬೇಕು. ಇದು ಒಂದು ಬದಿಯಲ್ಲಿ ಎಡ ಅಂಚಿಗೆ ಹತ್ತಿತ್ತು, ಅದರ ಎದುರು ಬದಿಯಲ್ಲಿ ಬಲ ಅಂಚಿಗೆ. ಓರೆ ಜಾಡು. ಅಂದರೆ ಶಾಫ್ಟ್ ಬಾಗಿತ್ತು, ಇಲ್ಲವೇ ಬೇರಿಂಗ್ ಕೂತ ಜಾಗ ಸೊಟ್ಟಗಿತ್ತು. ಮಾಮೂಲಿ ಗುಂಡಿನ ಬೇರಿಂಗಿಗೆ ಒಂದು ಡಿಗ್ರಿಯ ಆರನೆಯ ಒಂದು ಭಾಗ ಓರೆಯಾದರೂ ಹೆಚ್ಚು. ಅದೇ ಐವತ್ತು, ಅದೇ ನೂರಹತ್ತು, ಅದೇ ಇಪ್ಪತ್ತೇಳರ ಅಳತೆಯಲ್ಲಿ ಇನ್ನೊಂದು ಬೇರಿಂಗ್ ಬರುತ್ತದೆ: ಹದಿಮೂರು ಹತ್ತು. ಶಾಫ್ಟ್ ಎರಡು ಡಿಗ್ರಿ ವಾಲಿದರೂ ಅದು ಜೊತೆಗೇ ವಾಲಿ ಹೊಂದಿಕೊಳ್ಳುತ್ತದೆ. ಚೀಟಿಯಲ್ಲಿ ಎರಡಕ್ಕೂ ಒಂದೇ ಅಂಕಿ. ಯಾವ ಯಂತ್ರ ಎಂದು ಕೇಳಿದ್ದರೆ, ಹಳೆಯದನ್ನು ತನ್ನಿ ಎಂದಿದ್ದರೆ, ಮೊದಲ ದಿನವೇ ಗೊತ್ತಾಗುತ್ತಿತ್ತು.

ಆ ಸಂಜೆ ಮನೆಯಲ್ಲಿ ಸಭೆ ಸೇರಿತು. ಅಜ್ಜಿ, ಅಮ್ಮ, ಚಿಕ್ಕಮ್ಮ. ಎಂಟು ವರ್ಷದ ನಾನು ಮೂಲೆಯಲ್ಲಿ ಮನೆಪಾಠ ಬರೆಯುತ್ತಿದ್ದೆ.

"ಸರಿಯಾದ್ದು ಕೊಟ್ರೆ ಅದು ಎಷ್ಟು ದಿನ ಬರುತ್ತೆ?" ಎಂದಳು ಅಮ್ಮ.

"ಹತ್ತು ವರ್ಷ."

"ಅಯ್ಯೋ! ಹಾಗಾದ್ರೆ ಈಗ್ಲೇ ಹೇಳ್ಬೇಡ ಕಣೇ. ಇನ್ನೆರಡು ಹಾಳಾಗ್ಲಿ. ನಲವತ್ತು ದಿನ ಸಿಗುತ್ತೆ, ಅಷ್ಟರಲ್ಲಿ ಅವರಾಗೇ ಏನಾದ್ರೂ ಬಾಯಿ ಬಿಡ್ತಾರೆ."

"ಅಕ್ಕಾ, ಬೇರಿಂಗ್ ಕಚ್ಚಿಕೊಂಡಾಗ ತೊಟ್ಟೀಲಿರೋ ಸೋಪೆಲ್ಲ ಅಲ್ಲೇ ಗಟ್ಟಿಯಾಗುತ್ತೆ. ಉಳಿ ಹಿಡಿದು ನಾಲ್ಕು ಜನ ಇಡೀ ದಿನ ಕೆತ್ತಬೇಕಂತೆ, ಇವತ್ತು ಯಜಮಾನರ ಹತ್ರ ಹೇಳಿ ಹೋಗಿದಾರೆ."

"ಹೇಳಿದ್ರೆ ಅವರು ಇನ್ನು ಬರೋದಿಲ್ಲ, ಗೊತ್ತಾ? ಅದೂ ಅಲ್ದೆ, ತಪ್ಪು ನಿನ್ನದು ಅಂತ ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತು." ಚಿಕ್ಕಮ್ಮನ ದನಿ ಸಣ್ಣಗಾಯಿತು. "ಅದಕ್ಕೇ ಯಜಮಾನರಿಗೂ ಇನ್ನೂ ಹೇಳಿಲ್ಲ."

ಅಜ್ಜಿ ಮಧ್ಯೆ ಬಾಯಿ ಹಾಕಿದಳು. "ನೋಡು, ಹಾಳು ಸಾಮಾನು ಕೊಟ್ಟು ಒಬ್ಬ ಗಂಡಸನ್ನ ಅಂಗಡಿಗೆ ಓಡಾಡಿಸಿದ್ಲು ಅಂತ ನಾಳೆ ಯಾರಾದ್ರೂ ಅಂದ್ರೆ, ನಾನಂತೂ ಜಗಳಕ್ಕೆ ಬರೋಕಾಗಲ್ಲ. ಮಂಡಿ ನೋವು. ಹೋಗಿ ಹೇಳಿ ಬಾ."

ಮಾರನೆಯ ದಿನ ಅವಳು ಮೊದಲು ಯಜಮಾನರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, "ಹದಿನೇಳು ವರ್ಷಕ್ಕೆ ಒಂದು ತಪ್ಪು. ನೀನು ಬರೋಕೆ ಮುಂಚೆ ನಾನು ವಾರಕ್ಕೊಂದು ಮಾಡ್ತಿದ್ದೆ. ಹದಿಮೂರು ಹತ್ತು ಮೇಲಿನ ಸಾಲಲ್ಲಿದೆ, ಏಣಿ ಹಾಕ್ಕೋ," ಎಂದರು.

ಭಾನುವಾರ ಅಂಗಡಿಗೆ ರಜೆ. ಸೋಪಿನ ಕಾರ್ಖಾನೆಯಲ್ಲಿ ಕೆಲಸವಿರುತ್ತಿತ್ತು. ಚಿಕ್ಕಮ್ಮ ಚೀಲದಲ್ಲಿ ಬೇರಿಂಗ್ ಮತ್ತು ಮಟ್ಟದ ಕೋಲು ಇಟ್ಟುಕೊಂಡು ಹೊರಟಳು. ಒಬ್ಬಳೇ ಹೋಗುವುದು ಬೇಡವೆಂದು ಅಮ್ಮ ಜೊತೆಗೆ ಹೊರಟಳು. ಹಾಗೆಂದು ಅಮ್ಮ ಹೇಳಿಕೊಳ್ಳುತ್ತಾಳೆ. ಇಂಥ ಸಂದರ್ಭವನ್ನು ಅವಳು ಬಿಟ್ಟುಕೊಡುವವಳಲ್ಲ. ಮುಂದಿನದೆಲ್ಲ ಅಮ್ಮ ಕಣ್ಣಾರೆ ಕಂಡದ್ದು. ನೂರು ಸಲ ಕೇಳಿದ್ದೇನೆ, ಒಂದು ಸಲವೂ ಬದಲಾಗಿಲ್ಲ.

ಕಾರ್ಖಾನೆ ಎಂದರೆ ತಗಡಿನ ಮಾಡಿನ ಒಂದೇ ದೊಡ್ಡ ಕೋಣೆ. ಬೆಚ್ಚಗೆ, ಎಣ್ಣೆಯ ಹಬೆ. ಗೋಡೆಯುದ್ದಕ್ಕೆ ಮರದ ಅಚ್ಚುಗಳಲ್ಲಿ ಆರುತ್ತಿದ್ದ ಸೋಪು. ನಡುವೆ ಮೂರು ಮೀಟರ್ ಉದ್ದದ ತೊಟ್ಟಿ. ಅದರೊಳಗೆ ಹುಟ್ಟುಗಳನ್ನು ಜೋಡಿಸಿದ ಶಾಫ್ಟ್ ತಿರುಗಿ ಬಿಸಿ ಸೋಪನ್ನು ಕಲಸುತ್ತಿತ್ತು. ಶಾಫ್ಟಿನ ಎರಡು ತುದಿಗೆ ಎರಡು ಬೀಡುಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೇರಿಂಗ್. ಒಂದು ಪೆಟ್ಟಿಗೆ ಗೋಡೆಗೆ ಹೊಡೆದ ಕಬ್ಬಿಣದ ತೋಳಿನ ಮೇಲೆ, ಇನ್ನೊಂದು ನೆಲದಿಂದ ಎದ್ದ ಕಾಲಿನ ಮೇಲೆ. ಮುರಿಯುತ್ತಿದ್ದದ್ದು ಕಾಲಿನ ಕಡೆಯದು. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಆ ಕಡೆಯಿಂದ ಈ ಕಡೆಗೆ ಒಮ್ಮೆ ಕಣ್ಣು ಹಾಯಿಸಿದಳು. ಮಟ್ಟದ ಕೋಲು ಚೀಲದಿಂದ ಆಚೆ ಬರಲೇ ಇಲ್ಲ.

ಸೋಪಿನವರು ಅಂಗಿಯ ತೋಳು ಮಡಚಿಕೊಂಡು ಅಚ್ಚು ಬಿಡಿಸುತ್ತಿದ್ದವರು ಎದ್ದು ನಿಂತರು. "ನೀವು! ಇಲ್ಲಿ!" ಎಂದರು. ಆಮೇಲೆ "ಕೂತ್ಕೊಳ್ಳಿ," ಎಂದರು. ಕೂರಲು ಅಲ್ಲಿ ಏನೂ ಇರಲಿಲ್ಲ.

"ಹಳೇ ಬೇರಿಂಗ್ ಇದೆಯಾ? ನನ್ನ ಅಂಗಡಿಗೆ ಬರೋಕೆ ಮುಂಚಿನದು?"

ಕಾರ್ಖಾನೆಯ ಮುದುಕ ಮೇಸ್ತ್ರಿ ಹೋಗಿ, ಗುಜರಿ ಡಬ್ಬದ ತಳದಿಂದ ಅದನ್ನು ತಂದುಕೊಟ್ಟ. ಗುಂಡುಗಳು ಎರಡು ಸಾಲು. ಹೊರಬಳೆಯ ಒಳಮೈಯಲ್ಲಿ ಕಾಲುವೆ ಇಲ್ಲ, ಬೋಗುಣಿಯ ಒಳಗಿನಂತೆ ನುಣುಪು. ಚಿಕ್ಕಮ್ಮ ಚೀಲದಿಂದ ಹೊಸದನ್ನು ತೆಗೆದು ಹೊರಬಳೆಯನ್ನು ಒಂದು ಕೈಯಲ್ಲಿ ಹಿಡಿದು ಒಳಬಳೆಯನ್ನು ಬೆರಳಿನಿಂದ ತಳ್ಳಿದಳು. ಕಣ್ಣಿನ ಗುಡ್ಡೆ ಹೊರಳಿದ ಹಾಗೆ ಅದು ಗುಂಡುಗಳ ಸಮೇತ ಮೆತ್ತಗೆ ಓರೆಯಾಯಿತು, ಬಿಟ್ಟಾಗ ನೆಟ್ಟಗಾಯಿತು. ಕೆಲಸದವರೆಲ್ಲ ಸುತ್ತ ಸೇರಿದ್ದರು.

"ನಿಮ್ಮ ಶಾಫ್ಟ್ ಉದ್ದ, ಸೋಪು ತುಂಬಿದಾಗ ಬಾಗುತ್ತೆ. ಪೆಟ್ಟಿಗೆಗಳೂ ಒಂದೇ ನೇರಕ್ಕಿಲ್ಲ. ಇಲ್ಲಿಗೆ ಬೇಕಾಗಿದ್ದು ಇದು," ಎಂದಳು. "ನಾನು ಕೊಟ್ಟಿದ್ದು ತಪ್ಪು ಬೇರಿಂಗ್. ಮೂರು ಸಲ ಮುರಿದಿದ್ದು ಅದರಿಂದಲೇ. ಯಾವ ಯಂತ್ರ ಅಂತ ಎಲ್ಲರನ್ನೂ ಕೇಳ್ತೀನಿ. ನಿಮ್ಮನ್ನ ಕೇಳಲಿಲ್ಲ. ಚೀಟಿ ಅಷ್ಟು ಚೆನ್ನಾಗಿತ್ತು, ನೋಡ್ತಾ ನಿಂತ್ಬಿಟ್ಟೆ."

ಸೋಪಿನವರು ಹೊಸ ಬೇರಿಂಗನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಓರೆಮಾಡಿ ನೋಡಿದರು.

"ಇದು ಎಷ್ಟು ದಿನ ಬರುತ್ತೆ ಇವ್ರೇ?"

"ದಿನ ಅಲ್ಲ. ಗ್ರೀಸು ಹದವಾಗಿ ಹಾಕಿದ್ರೆ ಹತ್ತು ವರ್ಷ."

"ಹತ್ತು ವರ್ಷಾನಾ?" ಅವರ ಮುಖ ಬಿದ್ದುಹೋಯಿತು. ಮನೆ ಮಾರಬೇಕಾಗಿ ಬಂದವರ ಮುಖ ಹಾಗಿರುತ್ತದೆ ಎಂದು ಅಮ್ಮ ಹೇಳುತ್ತಾಳೆ. "ಅಷ್ಟೊಂದು ಯಾಕೆ?"

ಮೇಸ್ತ್ರಿಗೆ ಇನ್ನು ತಡೆಯಲಾಗಲಿಲ್ಲ. "ಅಮ್ಮಾ, ತಪ್ಪು ನಿಮ್ಮದೊಂದೇ ಅಲ್ಲ. ಎರಡನೇದು ಹೋದಾಗಲೇ ನಾನು ಹೇಳ್ದೆ, ಹಳೇದು ಬೇರೆ ಥರ ಇತ್ತು, ತಗೊಂಡು ಹೋಗಿ ತೋರಿಸಿ ಅಂತ. ಇವರು 'ಇರಲಿ ಬಿಡು ಮೇಸ್ತ್ರಿ' ಅಂದ್ರು! ಸೋಪು ಗಟ್ಟಿಯಾದ ದಿನ ನಮ್ಮ ಜೊತೆ ಉಳಿ ಹಿಡಿದು ಕೂರ್ತಾರೆ. ನಮಗೆಲ್ಲ ಕೈ ನೋವು, ಇವರು ಹಾಡು ಹೇಳ್ಕೊಂಡು ಕೆತ್ತುತಾರೆ!"

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಚಿಕ್ಕಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ಗೊತ್ತಿದ್ದೂ ಗೊತ್ತಿದ್ದೂ ನಾಲ್ಕು ಬೇರಿಂಗ್ ಹಾಳು ಮಾಡಿದ್ರಾ? ಒಳ್ಳೊಳ್ಳೆ ಬೇರಿಂಗು!"

"ನಾಲ್ಕಲ್ಲ," ಎಂದರು ಅವರು ತಗ್ಗಿದ ದನಿಯಲ್ಲಿ. "ಮೊದಲಿನ ಎರಡು ನಿಮ್ಮದು. ಆಮೇಲಿನ ಎರಡು ನನ್ನದು. ನಾಲ್ಕನೇದು ಇನ್ನೂ ಮುರಿದಿಲ್ಲ."

ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕದ ಮುಂದೆ ಸಿಟ್ಟು ಉಳಿಸಿಕೊಳ್ಳುವುದು ಚಿಕ್ಕಮ್ಮನಿಗೆ ಎಂದೂ ಸಾಧ್ಯವಾಗಿಲ್ಲ. "ಮೊದಲು ಶಾಫ್ಟ್ ನಿಲ್ಸಿ," ಎಂದಳು.

ಮುಂದಿನ ಒಂದೂವರೆ ಗಂಟೆ ಬರೀ ಕೆಲಸ. ತೊಟ್ಟಿ ಖಾಲಿಯಾಯಿತು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ನಾಲ್ಕನೆಯದನ್ನು ಎಳೆದು ತೆಗೆದು, ಶಾಫ್ಟ್ ಒರೆಸಿದರು. ಮೇಸ್ತ್ರಿ ಸುತ್ತಿಗೆ ಎತ್ತಿದ್ದೇ, ಚಿಕ್ಕಮ್ಮ ಕೈ ಹಿಡಿದಳು: "ಹೊರಬಳೆಗೆ ಹೊಡೆದ್ರೆ ಏಟು ಗುಂಡಿನ ಮೇಲೆ ಬೀಳುತ್ತೆ, ಕಾಲುವೇಲಿ ಗುಳಿ ಬೀಳುತ್ತೆ. ಒಂದು ಪೈಪ್ ಕೊಡಿ, ಒಳಬಳೆಗೆ ಮಾತ್ರ ತಾಗೋ ಹಾಗೆ." ಪೈಪ್ ಹಿಡಿದವರು ಸೋಪಿನವರು, ಮೆಲ್ಲಗೆ ಬಡಿದವಳು ಚಿಕ್ಕಮ್ಮ. ಗ್ರೀಸನ್ನು ಅವರು ಧಾರಾಳವಾಗಿ ತುಂಬಲು ಹೋದಾಗ ಮತ್ತೆ ತಡೆದಳು: "ಪೆಟ್ಟಿಗೆಯ ಮೂರನೇ ಒಂದು ಭಾಗ ಸಾಕು. ಹೆಚ್ಚಾದ್ರೆ ಕಡೆದು ಕಡೆದು ಬಿಸಿಯಾಗುತ್ತೆ." ಅವರು ಹೆಚ್ಚಿನದನ್ನು ಬೆರಳಲ್ಲಿ ಬಳಿದು ತೆಗೆದರು. ಹೊಸ ಸೋಪು ತುಂಬಿ ಮೋಟಾರು ಹಾಕಿದಾಗ ಶಾಫ್ಟ್ ತಿರುಗಿತು. ಕಟಕಟ ಇಲ್ಲ, ಗುರ್ ಇಲ್ಲ. ಅಮ್ಮನಿಗೆ ಯಂತ್ರದ ಸದ್ದು ಅರ್ಥವಾಗುವುದಿಲ್ಲ. ಚಿಕ್ಕಮ್ಮನ ಮುಖ ನೋಡಿಯೇ ಸರಿಹೋಯಿತೆಂದು ಗೊತ್ತಾಯಿತಂತೆ.

ಕೈ ತೊಳೆದುಕೊಂಡು ಬಾಗಿಲಿಗೆ ಬಂದಾಗ ಸೋಪಿನವರು ಹಿಂದೆಯೇ ಬಂದರು. ಮೇಸ್ತ್ರಿ ಅಚ್ಚು ಜೋಡಿಸುವವನಂತೆ ಹತ್ತಿರದಲ್ಲೇ ಸುಳಿದಾಡುತ್ತಿದ್ದ.

"ಇನ್ಮೇಲೆ ನಾನು ಯಾವ ನೆಪ ಮಾಡ್ಕೊಂಡು ಬರ್ಲಿ ಇವ್ರೇ?"

"ನೆಪ ಬೇಡ," ಎಂದಳು ಚಿಕ್ಕಮ್ಮ. "ನೆಪದಿಂದಲೇ ಎರಡು ಬೇರಿಂಗ್ ದಂಡವಾಗಿದ್ದು. ಸುಮ್ನೆ ಬನ್ನಿ."

"ಅಂಗಡಿಗಲ್ಲ, ಮನೆಗೆ," ಎಂದಳು ಅಮ್ಮ, ಸೆರಗನ್ನು ಬಾಯಿಂದ ತೆಗೆದು. "ಮುಂದಿನ ಭಾನುವಾರ, ನಾಲ್ಕು ಗಂಟೆಗೆ."

ಆ ಭಾನುವಾರ ಅವರು ಮೂರೂಮುಕ್ಕಾಲಿಗೇ ಬಂದು, ಹೊತ್ತಿಗೆ ಮುಂಚೆ ಒಳಗೆ ಬರುವುದು ಸರಿಯಲ್ಲವೆಂದು ಎದುರಿನ ಗೋಡೆಯ ಪಕ್ಕ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಿಟಕಿಯಲ್ಲಿದ್ದ ಅಜ್ಜಿ, "ಯಾರಾದ್ರೂ ಒಳಗೆ ಕರೀರೇ, ಆ ಮನುಷ್ಯ ಬಿಸಿಲಲ್ಲಿ ಒಣಗಿ ಹೋಗ್ತಾನೆ," ಎಂದಳು. ನಾನು ಎದ್ದೆ. ಅಮ್ಮ ನನ್ನ ತೋಳು ಹಿಡಿದು ಕೂರಿಸಿದಳು.

ಕರೆಯಲು ಚಿಕ್ಕಮ್ಮನೇ ಹೋದಳು.